27 ದೇಶ ಅಂದೆ, ಪಾಲು ಎಷ್ಟೆಷ್ಟು ಅಂತ ಹೇಳಲಿಲ್ಲ

ಮುಂಬೈನ ಮುಲುಂಡ್‌ನಲ್ಲಿ ಹೂಡಿಕೆ ಸಲಹೆ ಕೊಡುವ ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಊರ ಕಡೆಯ ಹೋಟೆಲಿನವರೇ ಜಾಸ್ತಿ. 2021ರ ಜನವರಿಯಲ್ಲಿ ಕುಂದಾಪುರ ಕಡೆಯ ಒಬ್ಬರು ಬಂದರು. ಭಾರತದ ದೊಡ್ಡ ಕಂಪನಿಗಳ ಷೇರು ಕೊಳ್ಳುವ ನಿಫ್ಟಿ ಫಂಡಿನಲ್ಲಿ ಅವರ ದುಡ್ಡಿತ್ತು. ಸ್ವಲ್ಪ ಹೊರದೇಶದಲ್ಲೂ ಇರಲಿ ಎಂಬ ಆಸೆ. ನಾನು ಎಮರ್ಜಿಂಗ್ ಮಾರ್ಕೆಟ್ ಇಂಡೆಕ್ಸ್ ಫಂಡ್ ತೋರಿಸಿದೆ. ಬೆಳೆಯುತ್ತಿರುವ ದೇಶಗಳ ಷೇರುಗಳ ಒಂದು ಪಟ್ಟಿ (ಇಂಡೆಕ್ಸ್) ಇಟ್ಟುಕೊಂಡು, ಅದರಂತೆಯೇ ಷೇರು ಕೊಳ್ಳುವ ಫಂಡ್ ಅದು. "27 ದೇಶ ಇದೆ ಅಣ್ಣ, ಒಂದು ಬಿದ್ದರೂ ಉಳಿದವು ಇರುತ್ತವೆ" ಎಂದೆ. ಅವರು ಬ್ಯಾಂಕ್ ಮೂಲಕ ಡಾಲರ್ ಕಳಿಸಿ ಅಮೆರಿಕದ ಇಟಿಎಫ್ (ಮಾರುಕಟ್ಟೆಯಲ್ಲಿ ಷೇರಿನಂತೆ ಕೊಳ್ಳುವ ಅಂಥದ್ದೇ ಫಂಡ್) ಕೊಂಡರು.

27 ಎಂಬ ಲೆಕ್ಕ ಸರಿಯೇ ಇತ್ತು. ಈ ಇಂಡೆಕ್ಸ್ ತಯಾರಿಸುವ ಎಂಎಸ್‌ಸಿಐ ಕಂಪನಿಯ ಪಟ್ಟಿಯಲ್ಲಿ ಆಗ ಅಷ್ಟೇ ದೇಶಗಳಿದ್ದವು. ಆದರೆ ಇಂಡೆಕ್ಸ್ ಸಮನಾಗಿ ಹಂಚುವುದಿಲ್ಲ, ಕಂಪನಿಗಳ ಮಾರುಕಟ್ಟೆ ಬೆಲೆ ನೋಡಿ ಹಂಚುತ್ತದೆ. ಮೂರನೇ ಒಂದು ಪಾಲಿಗಿಂತ ಜಾಸ್ತಿ ಚೀನಾ ಒಂದಕ್ಕೇ ಹೋಗಿತ್ತು. ತೈವಾನ್, ದಕ್ಷಿಣ ಕೊರಿಯಾ ಸೇರಿದರೆ ಅರ್ಧ ದಾಟುತ್ತಿತ್ತು. ಇದನ್ನು ನಾನು ಅವರಿಗೆ ಹೇಳಿರಲಿಲ್ಲ.

ಆ ಜುಲೈನಲ್ಲಿ ಚೀನಾ ಸರ್ಕಾರ ಶಾಲಾ ಪಾಠದ ಟ್ಯೂಷನ್ ಕಂಪನಿಗಳು ಲಾಭ ಮಾಡುವಂತಿಲ್ಲ ಎಂದಿತು. ಆ ಷೇರುಗಳು ಕುಸಿದವು, ಜೊತೆಗೆ ಚೀನಾದ ಬೇರೆ ಷೇರುಗಳೂ ಇಳಿದವು. ಅವರು ಫೋನ್ ಮಾಡಿ, "ಅಲ್ಲ ಮಾರಾಯ, 27 ದೇಶ ಅಂದಿದ್ದೆ, ಚೀನಾ ಬಿದ್ದರೆ ನನ್ನ ದುಡ್ಡು ಇಷ್ಟು ಯಾಕೆ ಇಳಿಯಬೇಕು?" ಎಂದರು. ಉತ್ತರ ನನ್ನ ಮುಂದಿದ್ದ ಫ್ಯಾಕ್ಟ್‌ಶೀಟಿನಲ್ಲೇ, ಅಂದರೆ ಫಂಡಿನ ವಿವರದ ಹಾಳೆಯಲ್ಲೇ ಇತ್ತು. ಓದಿ ಹೇಳುವಾಗ ತುಂಬಾ ಬೇಜಾರಾಯಿತು.

ಇದಕ್ಕಿಂತ ಹೆಚ್ಚು ಕಲಿಸಿದ್ದು ರಷ್ಯಾ. ಯುದ್ಧ ಶುರುವಾದ ಮೇಲೆ, 2022ರ ಫೆಬ್ರವರಿ 28ರಂದು ಮಾಸ್ಕೋದಲ್ಲಿ ಷೇರು ವಹಿವಾಟು ನಿಂತಿತು. ಮಾರ್ಚ್ 9ರ ವಹಿವಾಟು ಮುಗಿದಾಗ ಎಂಎಸ್‌ಸಿಐ ರಷ್ಯಾದ ಷೇರುಗಳನ್ನು ಹೆಚ್ಚುಕಮ್ಮಿ ಸೊನ್ನೆ ಬೆಲೆಗೆ ಪಟ್ಟಿಯಿಂದ ತೆಗೆಯಿತು. ಬೆಲೆ ಇಳಿದರೆ ಕಾಯಬಹುದು, ಅಲ್ವಾ? ಇಲ್ಲಿ ಮಾರುವ ದಾರಿಯೇ ಇರಲಿಲ್ಲ. ರಷ್ಯಾದ ಪಾಲು ಸಣ್ಣದಿತ್ತು, ಅವರ ಪುಣ್ಯ. ಅದೇ ಗತಿ ದೊಡ್ಡ ಪಾಲಿನ ದೇಶಕ್ಕೆ ಬಂದಿದ್ದರೆ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ವರ್ಷ ಇಂಡೆಕ್ಸ್ ಡಾಲರ್ ಲೆಕ್ಕದಲ್ಲಿ ಸುಮಾರು 20% ಇಳಿಯಿತು. ರೂಪಾಯಿಯೂ ಇಳಿದು ಒಂದು ಡಾಲರಿಗೆ ಹೆಚ್ಚು ರೂಪಾಯಿ ಸಿಗುತ್ತಿದ್ದುದರಿಂದ ನಮ್ಮವರ ನಷ್ಟ ಸ್ವಲ್ಪ ಕಮ್ಮಿಯಾಯಿತು. ರೂಪಾಯಿ ಏರಿದ್ದರೆ ನಷ್ಟ ಇನ್ನೂ ಜಾಸ್ತಿ.

ಈಗ ಯಾರೇ ಕೇಳಲಿ, ಫಂಡಿನ ಫ್ಯಾಕ್ಟ್‌ಶೀಟ್ ತೆಗೆದು ಮೊದಲು ದೇಶವಾರು ಪಾಲಿನ ಕೋಷ್ಟಕ ತೋರಿಸುತ್ತೇನೆ. ಐದಾರು ವರ್ಷ ಬೇಡದ ದುಡ್ಡಾ ಎಂದು ಕೇಳುತ್ತೇನೆ. ಮಗಳ ಮದುವೆಗೆ ಇಟ್ಟದ್ದಾದರೆ ಬೇಡ ಎಂದು ನೇರವಾಗಿ ಹೇಳುತ್ತೇನೆ.

2024ರಲ್ಲಿ ಆ ಹೋಟೆಲಿನ ಅಣ್ಣ ಮತ್ತೆ ಬಂದರು. ಪಟ್ಟಿ 24 ದೇಶಕ್ಕೆ ಇಳಿದಿತ್ತು. ಭಾರತದ ಪಾಲು ಐದನೇ ಒಂದರ ಹತ್ತಿರ ಬಂದಿತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನನ್ನ ನಿಫ್ಟಿಯಲ್ಲೂ ಇದೆಯಲ್ಲ" ಎಂದರು. ಹೌದು ಅಣ್ಣ ಎಂದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಮೊದಲಿನಿಂದ ಲೆಕ್ಕ ಹಾಕಲು ಕೂತೆವು.