ಒಂದು ಅಂಕಿ, ಒಬ್ಬರ ಮಾತು: ನಮ್ಮೂರ ಶಾಲೆಯ ಗೋಡೆಪತ್ರಿಕೆಯ ದಿನಚರಿ

ಸೆಪ್ಟೆಂಬರ್ 6, 2025, ಶನಿವಾರ

ಎರಡನೆಯ ಸಂಚಿಕೆಯನ್ನು ಜಿರಲೆ ತಿಂದಿದೆ. ಆಗಸ್ಟ್ 15ಕ್ಕೆ ಅಂಟಿಸಿದ ಮೊದಲನೆಯದು ಮಳೆಯ ಶೀತಕ್ಕೆ ಉಬ್ಬಿ ತಾನಾಗಿಯೇ ಕಳಚಿ ಬಿದ್ದಿತ್ತು. ಸ್ಕೆಚ್ ಪೆನ್ನಿನ ಕೆಂಪು ಶೀರ್ಷಿಕೆಗಳೆಲ್ಲ ಹರಡಿ ಕುಂಕುಮದ ನೀರು ಚೆಲ್ಲಿದಂತೆ ಕಾಣುತ್ತಿದ್ದವು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಪತ್ರಿಕೆ ಆರಂಭಿಸಬಾರದು ಎಂಬ ಬುದ್ಧಿ ನನಗೆ ಮೊದಲೇ ಇರಬೇಕಿತ್ತು.

ಇದನ್ನು ಮೊದಲ ಸಲ ಓದುವವರಿಗೆ ಎರಡು ಮಾತು. ಇದು ಸಾಗರ ತಾಲ್ಲೂಕಿನ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೆಯ ತರಗತಿಯವರೆಗೆ 38 ಮಕ್ಕಳು, ಮೂವರು ಶಿಕ್ಷಕರು. ನಾನು ಇದೇ ಶಾಲೆಯಲ್ಲಿ ಓದಿ, ಶಿವಮೊಗ್ಗದ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸಿ, ಮೊಳೆಗಳನ್ನು ತೂಕಕ್ಕೆ ಮಾರಿದ ಮೇಲೆ ಕಂಪ್ಯೂಟರಿನ ಮುಂದೆಯೂ ಕುಳಿತು, ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಐದರಿಂದ ಏಳನೆಯ ತರಗತಿಯ ಏಳು ಮಕ್ಕಳು ನನ್ನ ಜೊತೆ ಕುಳಿತುಕೊಳ್ಳುತ್ತಾರೆ. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಡ್ರಾಯಿಂಗ್ ಶೀಟು, ಬಳಕೆ ತಪ್ಪಿದ ಕರಿಹಲಗೆಯೊಂದು. ಅಷ್ಟೇ ಬಂಡವಾಳ.

ಅಂಟಿನ ಸಮಸ್ಯೆಗೆ ಹಳೆಯ ಬೈಂಡರ್‌ಗಳ ಉಪಾಯವೇ ಸರಿ ಎನಿಸಿತು. ಮೈದಾ ಅಂಟು ಕುದಿಯುವಾಗ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಹುಳ ಮುಟ್ಟುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಕಾಲವಾದ್ದರಿಂದ ತುತ್ತ ಇಲ್ಲದ ಮನೆಯಿಲ್ಲ. ಅದು ವಿಷ; ಮಕ್ಕಳ ಕೈಗೆ ಕೊಡದೆ ಮನೆಯಲ್ಲಿ ನಾನೇ ಅಂಟು ಕಾಯಿಸಿ, ಹಚ್ಚುವ ಕೆಲಸವನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಅಂಟಿಗಿಂತ ದೊಡ್ಡ ತೊಂದರೆ ಬರವಣಿಗೆಯದು. ‘ಶಿಕ್ಷಕರ ದಿನ’ದ ವರದಿ ಬರೆದುಕೊಂಡು ಬನ್ನಿ ಎಂದರೆ ಏಳು ಮಂದಿಯೂ ‘ಗುರುಗಳು ಸಮಾಜದ ದಾರಿದೀಪ’ ಎಂದು ಬರೆದು ತಂದರು. ನಿನ್ನೆ ಶಾಲೆಯಲ್ಲಿ ಏನು ನಡೆಯಿತು ಎಂದು ಕೇಳಿದರೆ, ಮೂರನೆಯ ತರಗತಿಯ ಹುಡುಗನೊಬ್ಬ ಟೀಚರ್‌ಗೆ ಕೊಡಲು ತಂದ ಡೇರೆ ಹೂವನ್ನು ಕರು ತಿಂದ ಕಥೆಯನ್ನು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಅದನ್ನೇ ಯಾಕೆ ಬರೆಯಲಿಲ್ಲ? ‘ಅದು ಬರೆಯುವಂಥದ್ದಲ್ಲ ಅಜ್ಜ.’ ಇದನ್ನು ಮಕ್ಕಳಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ನಾನು ಮೊಳೆ ಜೋಡಿಸಿದ ಭಾಷಣಗಳನ್ನು ನೆನೆದರೆ ಅದರಲ್ಲಿ ನನ್ನ ಪಾಲೂ ಇರಬಹುದು.

ಇವತ್ತಿನಿಂದ ಒಂದೇ ಕಾನೂನು: ಯಾವ ಸುದ್ದಿಯಲ್ಲೂ ಒಂದು ಅಂಕಿ ಇರಬೇಕು, ಒಬ್ಬರನ್ನು ಕೇಳಿ ಪಡೆದ ಮಾತು ಇರಬೇಕು. ಎಣಿಸದೆ, ಕೇಳದೆ ಬರೆದದ್ದು ಹಲಗೆಗೆ ಹತ್ತುವುದಿಲ್ಲ.

ಸೆಪ್ಟೆಂಬರ್ 13, ಶನಿವಾರ

ಕಾನೂನು ಮಾಡಿದವನಿಗೇ ಮೊದಲ ಏಟು. ಐದನೆಯ ತರಗತಿಯ ಹುಡುಗಿ ಹಾಲು ಅಳೆದುಬಿಟ್ಟಿದ್ದಾಳೆ.

2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯದ ಲೆಕ್ಕ ಶಾಲೆಯಲ್ಲಿ ಎಲ್ಲರಿಗೂ ಬಾಯಿಪಾಠ. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು. ಈಕೆ ವಿಜ್ಞಾನದ ಪೆಟ್ಟಿಗೆಯಿಂದ ಅಳತೆಯ ಜಾಡಿ ತೆಗೆದುಕೊಂಡು ಹತ್ತು ಮಕ್ಕಳ ಲೋಟ ಅಳೆದಿದ್ದಾಳೆ. 140ರಿಂದ 170ರವರೆಗೆ ಬಂದಿದೆ. ಅದರ ಪಕ್ಕದಲ್ಲೇ ಇನ್ನೊಬ್ಬನ ಸುದ್ದಿ: ಬುಧವಾರ ಮೊಟ್ಟೆ ಬೇಡವೆಂದು ಬಾಳೆಹಣ್ಣು ತೆಗೆದುಕೊಂಡವರು 14 ಮಂದಿ.

ಬೆಳಿಗ್ಗೆ ಅಂಟಿಸಿದ್ದು, ಊಟದ ಹೊತ್ತಿಗೆ ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಹಲಗೆಯ ಮುಂದೆ ನಿಂತಿದ್ದರು. ‘ನಾನು ಹಾಲು ಕಡಿಮೆ ಕೊಡುತ್ತೇನೆ ಎಂದು ಬರೆಸಿದಿರಾ?’ ನಾನು ಸರಾಸರಿ, ಅಳತೆ ಎಂದೆಲ್ಲ ತೊದಲಿದೆ. ಅವರು ಕೇಳಲಿಲ್ಲ. ‘140 ಯಾರದ್ದು ಎಂದು ಕೇಳಿದಿರಾ? ಒಂದನೆಯ ತರಗತಿಯವರದ್ದು. ತುಂಬಿ ಕೊಟ್ಟರೆ ಚೆಲ್ಲುತ್ತಾರೆ, ಆಮೇಲೆ ಎರಡನೆಯ ಸಲ ಹಾಕುತ್ತೇನೆ. ಅದನ್ನು ಅಳೆದಿರಾ? ಇನ್ನು ಬಾಳೆಹಣ್ಣು ತಿಂದವರು ಹದಿನಾಲ್ಕಲ್ಲ, ಒಂಬತ್ತು. ಹಣ್ಣು ತರುವವಳು ನಾನು.’

ಹುಡುಗನನ್ನು ಕರೆದು ವಿಚಾರಿಸಿದೆ. ಮೊಟ್ಟೆಯನ್ನೂ ತಿಂದು ಹಣ್ಣನ್ನೂ ಬೇಡಿ ಪಡೆದ ಐದು ಮಂದಿಯನ್ನು ಸೇರಿಸಿ ಎಣಿಸಿದ್ದಾನೆ. ಅವರಲ್ಲಿ ಅವನೂ ಒಬ್ಬ.

ಮೂಲೆಯಲ್ಲಿ ಎರಡು ಬೆರಳಗಲ ಜಾಗ ಬಿಡಿಸಿ ‘ತಿದ್ದುಪಡಿ’ ಎಂದು ಬರೆಸಿದೆವು. ನಮ್ಮ ಪತ್ರಿಕೆಯ ಮೊದಲ ತಿದ್ದುಪಡಿ. ಮಕ್ಕಳಿಗೆ ಅವಮಾನವಾದಂತಾಯಿತು, ನನಗೆ ಒಳಗೊಳಗೇ ಖುಷಿ. ಅಡುಗೆಯ ಅಕ್ಕ ಮಾತ್ರ ನನಗೆ ಮಾತು ಬಿಟ್ಟಿದ್ದಾರೆ.

ಸೆಪ್ಟೆಂಬರ್ 19, ಶುಕ್ರವಾರ

ನಾಳೆಯಿಂದ ದಸರಾ ರಜೆ. ಏಳು ಮಂದಿಗೂ ನಲವತ್ತು ಪುಟದ ಪುಸ್ತಕ ಕೊಟ್ಟಿದ್ದೇನೆ. ಸುದ್ದಿ ಸಿಕ್ಕಲ್ಲೇ ಬರೆದುಕೊಳ್ಳಬೇಕು, ಮನೆಗೆ ಹೋಗಿ ನೆನಪಿನಿಂದ ಬರೆಯಬಾರದು.

ಅಕ್ಟೋಬರ್ 12, ಭಾನುವಾರ

8ಕ್ಕೆ ತೆರೆಯಬೇಕಿದ್ದ ಶಾಲೆ 18ರವರೆಗೆ ಮುಚ್ಚಿರುತ್ತದೆ. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿದಿಲ್ಲ, ಶಿಕ್ಷಕರೆಲ್ಲ ಮನೆಮನೆ ಸುತ್ತುತ್ತಿದ್ದಾರೆ. ಹೀಗಾಗಿ ಸಂಪಾದಕೀಯ ಮಂಡಳಿ ನಮ್ಮ ಮನೆಯ ಜಗುಲಿಯಲ್ಲಿ ಸೇರಿತು. ಐವರು ಬಂದಿದ್ದರು. ನನ್ನ ಹೆಂಡತಿ ಮಾಡಿದ ತೊಡೆದೇವು ಮುಗಿಯುವವರೆಗೆ ಕೆಲಸ ಆರಂಭವಾಗಲಿಲ್ಲ.

ಈ ಸಂಚಿಕೆಗೆ ಭೂಮಿ ಹುಣ್ಣಿಮೆಯೇ ಮುಖ್ಯ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿದ ಹೊತ್ತು, ಭೂತಾಯಿಗೆ ಬಸುರಿ ಬಯಕೆಯ ಊಟ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಗದ್ದೆಗೆ ಬೀರುತ್ತಾರೆ. ಆ ಬೆರಕೆ ಸೊಪ್ಪಿನ ಅಡುಗೆಗೆ ನೂರೊಂದು ಬಗೆಯ ಸೊಪ್ಪು ಹಾಕಬೇಕು ಎಂದು ನಾನು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಆರನೆಯ ತರಗತಿಯ ಹುಡುಗಿ ಅಜ್ಜಿಯ ಹಿಂದೆ ಬೆಟ್ಟ, ಹಿತ್ತಿಲು, ತೋಟದ ಅಂಚು ಎಲ್ಲ ತಿರುಗಿ ಒಂದೊಂದು ಎಲೆಯನ್ನೂ ಪುಸ್ತಕದ ನಡುವೆ ಒತ್ತಿ ತಂದಿದ್ದಾಳೆ. ಕೆಸು, ಒಂದೆಲಗ, ಗಣಿಕೆ, ನುಗ್ಗೆ, ಹರಿವೆ, ಬಸಳೆ, ಚಗಟೆ... ಎಣಿಸಿದರೆ 19. ‘ನೂರೊಂದು ಎಂದರೆ ನಿಜವಾಗಿ ಎಷ್ಟಜ್ಜಿ?’ ಎಂದು ಕೇಳಿದ್ದಕ್ಕೆ ಅಜ್ಜಿ, ‘ನಮ್ಮಮ್ಮ ಇದ್ದಾಗ ಇನ್ನೂ ಹೆಚ್ಚಿತ್ತು. ಈಗ ನನ್ನ ಮೊಣಕಾಲು ನೋಯುತ್ತದೆ, ಅದಕ್ಕೆ ಹತ್ತೊಂಬತ್ತು’ ಎಂದರಂತೆ.

ಒಂದು ಅಂಕಿ, ಒಬ್ಬರ ಮಾತು. ಒಂದಕ್ಷರ ತಿದ್ದದೆ ಮೊದಲ ಪುಟಕ್ಕೆ ಹಾಕಿದೆ. ಶೀರ್ಷಿಕೆ ಅವಳದ್ದೇ: ‘ನೂರೊಂದರಲ್ಲಿ ಹತ್ತೊಂಬತ್ತು’.

ಎಲೆಗಳನ್ನು ಹಾಳೆಯ ಸುತ್ತ ಅಂಟಿಸಬೇಕೆಂದಿದ್ದೆವು, ಒಣಗಿ ಪುಡಿಯಾದವು. ಬದಲಿಗೆ ಅದೇ ಅಜ್ಜಿಯನ್ನು ಕರೆಸಿ ಹಲಗೆಯ ಸುತ್ತಲಿನ ಗೋಡೆಗೆ ಚಿತ್ತಾರದ ಅಂಚು ಬರೆಸುವುದೆಂದು ತೀರ್ಮಾನವಾಯಿತು. ಅವರು ಚಿತ್ತಾರಕ್ಕೆ ಹೆಸರಾದ ದೀವರ ಸಮುದಾಯದವರು, ಪ್ರತಿವರ್ಷ ಭೂಮಣ್ಣಿ ಬುಟ್ಟಿಗೆ ತಾವೇ ಬರೆಯುತ್ತಾರೆ.

ಅಕ್ಟೋಬರ್ 25, ಶನಿವಾರ

ಶಾಲೆ ನಿಜವಾಗಿ ತುಂಬಿದ್ದು ದೀಪಾವಳಿ ಮುಗಿದ ಮೇಲೆ, 23ರ ಗುರುವಾರ.

ಇವತ್ತು ಗೋಡೆಯ ಕೆಲಸ. ಅಜ್ಜಿ ಬರುವಾಗಲೇ ಎಲ್ಲ ತಂದಿದ್ದರು. ಬಳಿದುಕೊಳ್ಳಲು ಕೆಮ್ಮಣ್ಣು, ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿಯ ನಾರಿನ ಎಳೆ. ನಾನು ಪೇಟೆಯಿಂದ ತಂದ ಬ್ರಷ್ಷನ್ನು ಅವರು ಒಮ್ಮೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ, ನಾರನ್ನು ಎರಡು ಬೆರಳಲ್ಲಿ ಹಿಡಿದು ಎಳೆದ ಗೆರೆ ನಾನು ಮೊಳೆಯ ಮಧ್ಯೆ ಕೂರಿಸುತ್ತಿದ್ದ ಹಿತ್ತಾಳೆಯ ಗೆರೆಪಟ್ಟಿಯಷ್ಟು ನೇರ. ಮಕ್ಕಳು ಎಳೆದ ಭಾಗ ಎಲ್ಲಿ ಆರಂಭವಾಗುತ್ತದೆಂದು ದೂರದಿಂದಲೇ ಗೊತ್ತಾಗುತ್ತದೆ. ಅಳಿಸುವುದು ಬೇಡ ಎಂದರು ಅಜ್ಜಿ.

ಸುದ್ದಿಗೆ ಬರೋಣ. ‘ಶಾಲೆಗೆ ರಜೆ, ಟೀಚರಿಗೆ ಕೆಲಸ’ ಎಂಬುದು ಏಳನೆಯ ತರಗತಿಯ ಹುಡುಗನ ವರದಿ. 60 ಪ್ರಶ್ನೆಗಳು, ಮೊಬೈಲಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ದಿಬ್ಬದ ಮೇಲೆ ಮಾತ್ರ, ಹೀಗಾಗಿ ಟೀಚರ್ ಒಂದೇ ಮನೆಗೆ ಮೂರು ಸಲ ಹೋದದ್ದು, ಎಲ್ಲವೂ ಇದೆ. ಕೊನೆಯಲ್ಲಿ ‘ನಾಯಿ ಅಟ್ಟಿಸಿಕೊಂಡು ಬಂದಾಗ ಟೀಚರ್ ಓಡಿದರು’ ಎಂದಿತ್ತು. ಮುಖ್ಯ ಶಿಕ್ಷಕಿ ಓದಿ, ‘ಓಡಲಿಲ್ಲ, ಬೇಗ ನಡೆದೆ’ ಎಂದರು. ಹುಡುಗ ತಾನು ಕಣ್ಣಾರೆ ಕಂಡದ್ದೆಂದು ಹಟ ಹಿಡಿದ. ಎರಡನ್ನೂ ಹಾಕಿದೆವು: ‘ಓಡಿದರು ಎಂದು ನೋಡಿದವರು ಹೇಳುತ್ತಾರೆ. ಬೇಗ ನಡೆದೆ ಎಂದು ಟೀಚರ್ ಹೇಳುತ್ತಾರೆ.’ ಮುಖ್ಯ ಶಿಕ್ಷಕಿ ಸಹಿ ಹಾಕಿ ಬಿಟ್ಟುಕೊಟ್ಟರು. ದೊಡ್ಡ ಮನಸ್ಸು.

ದೀಪಾವಳಿಯಲ್ಲಿ ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರ ಜೊತೆ ಮೊದಲ ಬಾರಿಗೆ ಹೋದ ಹುಡುಗನದ್ದು ಚಿಕ್ಕ ವರದಿ. ಒಂದು ರಾತ್ರಿಗೆ 31 ಮನೆ, ಪ್ರತಿ ಮನೆಯಲ್ಲೂ ದೀಪಕ್ಕೆ ಎಣ್ಣೆ ಎರೆದರು, ದೀಪ ಆರಲಿಲ್ಲ, ತಾನು ಮಾತ್ರ 22ನೆಯ ಮನೆಯ ಜಗುಲಿಯಲ್ಲಿ ನಿದ್ದೆ ಹೋದೆ. ಉಳಿದ ಒಂಬತ್ತನ್ನು ಅಪ್ಪನನ್ನು ಕೇಳಿ ಬರೆದದ್ದು ಎಂದು ಅವನೇ ಅಡಿಯಲ್ಲಿ ಒಪ್ಪಿಕೊಂಡಿದ್ದಾನೆ.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಧ್ವಜ, ಭುವನೇಶ್ವರಿಯ ಪಟ, ಭಾಷಣ, ಕೇಸರಿಬಾತು. ಭಾಷಣದ ಬಗ್ಗೆ ಬರೆಯಲು ಯಾರೂ ಮುಂದೆ ಬರಲಿಲ್ಲ. ಅಂಕಿಯೂ ಇರಲಿಲ್ಲ, ಮಾತೂ ಇರಲಿಲ್ಲ ಎಂದರು. ನಾನು ಏನೂ ಹೇಳಲಿಲ್ಲ, ಏಕೆಂದರೆ ಭಾಷಣ ಮಾಡಿದವನು ನಾನೇ.

ಜಗಳ ಹತ್ತಿದ್ದು ಕರ್ನಾಟಕಕ್ಕೆ ವಯಸ್ಸೆಷ್ಟು ಎಂಬುದರ ಮೇಲೆ. ಒಬ್ಬಳು 69 ಎಂದಳು, ಇನ್ನೊಬ್ಬ 52. ಇಬ್ಬರ ಬಳಿಯೂ ಪುರಾವೆ ಇತ್ತು. ಭಾಷಾವಾರು ರಾಜ್ಯವಾಗಿ ಒಂದಾದದ್ದು 1956ರ ನವೆಂಬರ್ 1ಕ್ಕೆ, ಆಗ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ಅದೇ ದಿನ. ‘ಹುಟ್ಟಿ ಹದಿನೇಳು ವರ್ಷಕ್ಕೆ ನಾಮಕರಣ’ ಎಂದು ಬರೆದು ರಾಜಿಯಾದರು. ಆಮೇಲೆ ನನ್ನ ಕಡೆ ತಿರುಗಿದರು. 1973ರಲ್ಲಿ ನಾನು ಇದೇ ಕಟ್ಟಡದಲ್ಲಿ ಏಳನೆಯ ತರಗತಿ. ‘ಆ ದಿನ ಏನಾಯಿತಜ್ಜ?’ ಎಷ್ಟು ತಲೆ ಕೆರೆದುಕೊಂಡರೂ ನೆನಪಾದದ್ದು ಮೇಷ್ಟ್ರು ಎರಡೆರಡು ಪೆಪ್ಪರಮೆಂಟು ಹಂಚಿದ್ದು ಮಾತ್ರ. ‘ಎರಡು’ ಎಂದು ಬರೆದುಕೊಂಡರು. ‘ಪಕ್ಕಾ ಎರಡೇನಾ?’ ಎಂದೂ ಕೇಳಿದರು.

ಶೀರ್ಷಿಕೆ ಬರೆಯುವ ಹುಡುಗ ‘ರಾಜ್ಯೋತ್ಸವ’ದಲ್ಲಿ ರಾ ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆದನೆಂದರೆ ವ ಹಾಳೆಯ ಹೊರಗೆ ಹೋಯಿತು, ಒತ್ತುಗಳು ಕೆಳಗಿನ ಸಾಲಿನ ತಲೆಗೆ ಬಡಿದವು. ಕನ್ನಡದಲ್ಲಿ ಸಾಲಿನ ಕೆಳಗೂ ಒಂದು ಸಾಲಿರುತ್ತದೆ. ಅದಕ್ಕೆ ಜಾಗ ಬಿಟ್ಟು ಅಕ್ಷರ ಎಣಿಸಿಕೊಂಡು ಬರೆಯಬೇಕೆಂದು ಅರ್ಧ ಗಂಟೆ ಪಾಠ ಮಾಡಿದೆ. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರತಂದ ಮೊದಲ ಕನ್ನಡ ಪತ್ರಿಕೆಯೂ ಕಲ್ಲಚ್ಚಿನದ್ದು, ಕೈಬರಹವನ್ನೇ ಕಲ್ಲಿಗೆ ಇಳಿಸಿದ್ದು, ನಮ್ಮಂತೆಯೇ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದದ್ದು ಎಂದೂ ಹೇಳಿದೆ. ‘ಅವರದ್ದನ್ನೂ ಜಿರಲೆ ತಿಂದಿತ್ತೇ?’ ಎಂಬುದು ಬಂದ ಏಕೈಕ ಪ್ರಶ್ನೆ.

ನವೆಂಬರ್ 15, ಶನಿವಾರ

ನಿನ್ನೆ ಮಕ್ಕಳ ಸಂತೆ. ಬಸಳೆ ಕಟ್ಟು ಹತ್ತು ರೂಪಾಯಿ, ನಿಂಬೆಹಣ್ಣು ಎರಡು ರೂಪಾಯಿ. ಒಟ್ಟು ವ್ಯಾಪಾರ 1,846 ರೂಪಾಯಿ. ಅದರ ವರದಿ ತಾನಾಗಿ ಬರೆದುಕೊಂಡಿತು.

ಕಷ್ಟಪಟ್ಟದ್ದು ಇನ್ನೊಂದಕ್ಕೆ. ಅಡಿಕೆ ಕೊನೆ (ಗೊನೆ) ತೆಗೆಯುವುದು ಶುರುವಾಗಿದೆ. ಮನೆಗಳಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುತ್ತಾರೆ, ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳಿರುವುದಿಲ್ಲ. ಐದನೆಯ ತರಗತಿಯ ಹಾಲು ಅಳೆದ ಹುಡುಗಿಯೇ ಒಂದು ವಾರ ಗೇಟಿನ ಬಳಿ ನಿಂತು ಬರೆದುಕೊಂಡಿದ್ದಾಳೆ. ಗಂಟೆ ಹೊಡೆದ ಮೇಲೆ ಬಂದವರು ಸೋಮವಾರ 6, ಶುಕ್ರವಾರ 11. ಹನ್ನೊಂದರಲ್ಲಿ ಎಂಟು ಮಂದಿ ಹೇಳಿದ ಕಾರಣ ಅಡಿಕೆ. ಇವಳು ಅಲ್ಲಿಗೆ ನಿಲ್ಲಿಸಲಿಲ್ಲ, ಪಟ್ಟಿಯಲ್ಲಿ ತನ್ನನ್ನೂ ಸೇರಿಸಿದ್ದಾಳೆ: ಬುಧವಾರ, ಹತ್ತು ನಿಮಿಷ.

ಹಾಕುವುದೋ ಬೇಡವೋ ಎಂದು ಶಾಲಾಭಿವೃದ್ಧಿ ಸಮಿತಿಯವರ ಜೊತೆ ಕುಳಿತೆವು. ಸಮಿತಿಯಲ್ಲಿ ಅಡಿಕೆ ಬೆಳೆಗಾರರಿದ್ದಾರೆ, ಸುಲಿಯಲು ಹೋಗುವವರೂ ಇದ್ದಾರೆ. ಸುಲಿಯುವ ಕೂಲಿಯೇ ಈ ಎರಡು ತಿಂಗಳ ಆಸರೆ ಎಂದು ಒಬ್ಬ ತಾಯಿ ಹೇಳಿದರು; ಅದೂ ನಿಜ. ಹೆಸರಿಲ್ಲದೆ ಹಾಕುವುದೆಂದಾಯಿತು, ಆ ತಾಯಿಯ ಮಾತನ್ನೂ ಸೇರಿಸಿ. ಇವತ್ತು ಸಂಜೆ ಒಬ್ಬರು ಬೈಕನ್ನು ಆರಿಸದೆಯೇ ಹಲಗೆಯ ಮುಂದೆ ನಿಲ್ಲಿಸಿ, ತುಟಿಯಾಡಿಸುತ್ತಾ ಪೂರ್ತಿ ಓದಿ, ನನ್ನ ಕಡೆ ನೋಡದೆ ಹೊರಟುಹೋದರು. ಸೋಮವಾರದ ಲೆಕ್ಕ ಏನಾಗುತ್ತದೋ ನೋಡಬೇಕು.

ನವೆಂಬರ್ 22, ಶನಿವಾರ

ಸೋಮವಾರ ತಡವಾದವರು 10. ಒಂದು ಕಡಿಮೆಯಾದದ್ದಕ್ಕೆ ಪತ್ರಿಕೆ ಕಾರಣವಲ್ಲ, ಆ ಹುಡುಗನಿಗೆ ಜ್ವರ, ಅವನು ಬರಲೇ ಇಲ್ಲ.

ತುತ್ತದ ಅಂಟು ಗೆದ್ದಿದೆ. ಸೆಪ್ಟೆಂಬರಿನ ಹಾಳೆಯೂ ಗಟ್ಟಿಯಾಗಿದೆ. ಗೋಡೆಯ ಅಂಚಿನಲ್ಲಿ ಹಳದಿ ಸ್ವಲ್ಪ ಮಾಸಿದೆ.

ಇವತ್ತು ಹಾಳೆಗೆ ಗೆರೆ ಎಳೆಯುತ್ತಿರುವಾಗ ಅಡುಗೆಯ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಎರಡು ತಿಂಗಳ ಮೇಲೆ ನನ್ನ ಜೊತೆ ಮಾತು. ತಮಗೂ ಒಂದಿಷ್ಟು ಜಾಗ ಬೇಕಂತೆ.

‘ಯಾರ ಮನೆಯಲ್ಲಾದರೂ ನುಗ್ಗೆಸೊಪ್ಪು ಹೆಚ್ಚಾಗಿದ್ದರೆ ಸಾರಿಗೆ ಕಳಿಸಿ ಎಂದು ಬರೆಯಿರಿ.’

ಬಾಳೆಹಣ್ಣಿನ ಲೆಕ್ಕ ತಪ್ಪಿದ್ದ ಹುಡುಗ ಪೆನ್ನು ತೆರೆದು ಕೇಳಿದ: ‘ಎಷ್ಟು ಅಕ್ಕ? ಅಂಕಿ ಬೇಕು.’

‘ಎರಡು ಕಟ್ಟು. ಬಿಡಿಸಿ ತರಬೇಕು ಎಂದೂ ಹಾಕು.’