ತಪ್ಪು ಇನ್ನೂ ನೆನಪಿರುವಾಗಲೇ

ಇಂದು ಭಿನ್ನರಾಶಿಗಳ ಪಾಠ ಮುಗಿದ ಕೂಡಲೇ ಮಕ್ಕಳು ತರಗತಿಯ ಲ್ಯಾಪ್‌ಟಾಪ್‌ಗಳಲ್ಲಿ ಐದು ಪ್ರಶ್ನೆಗಳಿಗೆ ಉತ್ತರಿಸಿದರು. ಅವರಲ್ಲಿ ಹಲವರು 1/2 ಮತ್ತು 1/3ನ್ನು ಕೂಡಿಸುವಾಗ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಸೇರಿಸಿ 2/5 ಎಂದು ಬರೆಯುತ್ತಿರುವುದು ಆಗಲೇ ನನ್ನ ಪರದೆಯ ಮೇಲೆ ಕಾಣಿಸಿತು. ಎಲ್ಲರನ್ನೂ ಒಂದು ಕ್ಷಣ ತಡೆದು, 2/5 ಎಂಬುದು 1/2ಕ್ಕಿಂತಲೂ ಚಿಕ್ಕದಲ್ಲವೇ ಎಂದು ಕೇಳಿದಾಗ, ಕೆಲವರು ಹೇಳಿಸಿಕೊಳ್ಳದೆಯೇ ತಮ್ಮ ಉತ್ತರವನ್ನು ತಿದ್ದಿಕೊಳ್ಳಲು ಮರಳಿದರು. ನೋಟ್‌ಬುಕ್‌ಗಳನ್ನು ಮನೆಗೆ ಒಯ್ದು, ತಿದ್ದಿ, ವಾರದ ನಂತರ ಹಿಂದಿರುಗಿಸುತ್ತಿದ್ದ ದಿನಗಳಲ್ಲಿ, ಆ ತಪ್ಪಿನ ಹಿಂದಿದ್ದ ಯೋಚನೆಯೇ ಮಗುವಿಗೆ ಮರೆತುಹೋಗಿರುತ್ತಿತ್ತು.

ಆದರೂ ಯಂತ್ರವು ತಟ್ಟನೆ ತೋರಿಸುವ ಅಂಕವನ್ನೇ ಹಿಮ್ಮಾಹಿತಿ ಎಂದುಕೊಳ್ಳಲು ನನಗೆ ಮನಸ್ಸೊಪ್ಪದು. 1988ರಲ್ಲಿ ಶಿಕ್ಷಣ ಮನೋವಿಜ್ಞಾನಿ ರೂತ್ ಬಟ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಕೆಲಸದ ಬಗ್ಗೆ ಬರೆದ ಟಿಪ್ಪಣಿಯನ್ನಷ್ಟೇ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರೆ, ಟಿಪ್ಪಣಿಯೊಂದಿಗೆ ಅಂಕವನ್ನೂ ಪಡೆದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಬಹು ಆಯ್ಕೆಯ ಪ್ರಶ್ನೆಗಳನ್ನು ತಿದ್ದುವ ಕೆಲಸವನ್ನು ಲ್ಯಾಪ್‌ಟಾಪ್‌ಗೆ ಬಿಟ್ಟು, ಉಳಿದ ಸಮಯದಲ್ಲಿ ದೀರ್ಘ ಉತ್ತರಗಳ ಪಕ್ಕದಲ್ಲಿ ಒಂದೆರಡು ಸಾಲುಗಳನ್ನು ನಾನೇ ಬರೆಯುತ್ತಿದ್ದೇನೆ. ಮಕ್ಕಳಿಗೆ ಅಂಕ ಕಾಣಿಸುವ ಆಯ್ಕೆಯನ್ನು ಈ ವಾರದಿಂದ ಮುಚ್ಚಿಟ್ಟಿದ್ದೇನೆ.