ಎಡಗಣ್ಣಿನ ಗೆರೆ

ಕೊಪ್ಪಳ, 23 ಮಾರ್ಚ್ 2025, ಭಾನುವಾರ

ಬುಧವಾರ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನರ ‘ಗ್ರಾಮಯಾತ್ರೆ’ ಚಿತ್ರ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಆಧುನಿಕ ಭಾರತೀಯ ಚಿತ್ರಗಳ ಹರಾಜು ಬೆಲೆಯಲ್ಲಿ ಹಿಂದಿನ ದಾಖಲೆ 2023ರಲ್ಲಿ ಅಮೃತಾ ಶೇರ್‌ಗಿಲ್ ಅವರ ಚಿತ್ರಕ್ಕೆ ಬಂದ 61.8 ಕೋಟಿ. ದುಡ್ಡು ಹೆಚ್ಚಾದವರ ಹುಚ್ಚು ಎಂದು ಕಚೇರಿಯಲ್ಲಿ ಎಲ್ಲರೂ ತಳ್ಳಿಹಾಕಿದರು. ಹರಾಜಿನಲ್ಲಿ ಇಬ್ಬರು ಹಟಕ್ಕೆ ಬಿದ್ದರೆ ಬೆಲೆ ಏರುತ್ತದೆ, ನಿಜ. ಆದರೂ ಅಷ್ಟು ಹೇಳಿ ಸುಮ್ಮನಾಗಲು ನನ್ನಿಂದ ಆಗುತ್ತಿಲ್ಲ.

ಆ ಚಿತ್ರ ಬರೆದದ್ದು 1954ರಲ್ಲಿ. ಅದೇ ವರ್ಷ ಅದನ್ನು ಕೊಂಡವರು ಕೆಲಸಕ್ಕೆಂದು ದೆಹಲಿಗೆ ಬಂದಿದ್ದ ಲಿಯೋನ್ ವೊಲೊಡಾರ್ಸ್ಕಿ ಎಂಬ ವೈದ್ಯರು. ಅವರೊಂದಿಗೆ ನಾರ್ವೆಗೆ ಹೋದ ಚಿತ್ರ ದಶಕಗಟ್ಟಲೆ ಓಸ್ಲೋದ ಆಸ್ಪತ್ರೆಯೊಂದರಲ್ಲಿ ತೂಗಿತ್ತು. ಹತ್ತಿರ ಹತ್ತಿರ ಹದಿನಾಲ್ಕು ಅಡಿ ಅಗಲ; ಹದಿಮೂರು ಚೌಕಗಳಲ್ಲಿ ನಮ್ಮ ಹಳ್ಳಿಯ ಹೆಂಗಸರು, ಬಂಡಿ, ರೈತ. ಎಪ್ಪತ್ತು ವರ್ಷದ ಆಚೆಗಿನ ಬೆಲೆಯನ್ನು ಅವರು ಲೆಕ್ಕ ಹಾಕಿರಲಾರರು. ಯಾವ ಚೌಕ ಅವರನ್ನು ತಡೆದು ನಿಲ್ಲಿಸಿತೋ!

ಇದನ್ನೇ ನೆನೆಯುತ್ತ ಬೆಳಿಗ್ಗೆ ಬಸ್ ಹತ್ತಿ ಮರದ ಗೊಂಬೆಗಳ ಊರಾದ ಕಿನ್ನಾಳಕ್ಕೆ ಹೋದೆ. ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಹುಣಸೆ ಬೀಜದ ಅಂಟಿನ ವಾಸನೆ. ಹಗುರ ಮರದ ತುಂಡುಗಳನ್ನು ಈ ಅಂಟಿನಿಂದಲೇ ಕೂಡಿಸಿ, ಗೋಣಿನಾರಿನ ‘ಕಿಟ್ಟ’ ಎಂಬ ಲೇಪ ಮೆತ್ತಿ, ನಯ ಮಾಡಿ, ಆಮೇಲೆ ಬಣ್ಣ. ಹಲಗೆಯ ಮೇಲೆ ಒಂದೇ ಅಳತೆಯ ಐದು ಕಾಮಧೇನುಗಳಿದ್ದವು. ಹಿರಿಯರು ಐದನೆಯದಕ್ಕೆ ಕಣ್ಣು ಬರೆಯುತ್ತಿದ್ದರು. ಉಸಿರು ಬಿಗಿಹಿಡಿದು ಕುಂಚ ಎಳೆದರು. ಎಡಗಣ್ಣಿನ ಕಪ್ಪು ಗೆರೆ ಕೂದಲೆಳೆಯಷ್ಟು ಕೆಳಗಿಳಿಯಿತು. ಅಷ್ಟಕ್ಕೇ ಆ ಮುಖ ಕಾಲ ಬಳಿಯ ಕರುವಿನ ಕಡೆಗೆ ಬಾಗಿದಂತಾಯಿತು. ಉಳಿದ ನಾಲ್ಕೂ ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು.

“ಇದೇ ಬೇಕು” ಎಂದೆ.

“ಹಸಿ ಇದೆ ತಂಗಿ, ಒಣಗಿದ್ದನ್ನು ಒಯ್ಯಿರಿ.”

“ಕಾಯುತ್ತೇನೆ.”

ಎರಡು ಗಂಟೆ ಕಾದೆ. ಅಷ್ಟರಲ್ಲಿ ಕಾರಿನಲ್ಲಿ ಬಂದವರೊಬ್ಬರು ಗಣಪತಿಯೊಂದಕ್ಕೆ ಇನ್ನೂರು ರೂಪಾಯಿ ಬಿಡಿ ಎಂದು ಜಗ್ಗಾಡಿದರು. ನನಗೆ ಬಹಳ ಬೇಸರವಾಯಿತು. ಹಿರಿಯರು ಬಿಟ್ಟುಕೊಟ್ಟರು, ಅದಕ್ಕೆ ಇನ್ನಷ್ಟು. ನಾನು, ಅವರು ಹೇಳಿದ 1,800 ರೂಪಾಯಿಯನ್ನು ಎಣಿಸಿ ಕೈಗಿಟ್ಟೆ.

ಮನೆಯಲ್ಲಿ ಅವ್ವ ಬೆಲೆ ಕೇಳಲಿಲ್ಲ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ಇದು ಕರುವನ್ನು ನೋಡುತ್ತಿದೆಯಲ್ಲೇ” ಎಂದಳು.